ಹಳೆಯ ಕ್ಷೌರದ ಕತ್ತಿಯ ಹಿಡಿ: ಉಳಿಸಿಕೊಳ್ಳಬಹುದೇ, ಬದಲಿಸಬೇಕೇ?

ಪ್ರಶ್ನೆ: ಜರ್ಮನಿಯ ಸೋಲಿಂಗೆನ್‌ನಲ್ಲಿ ಮಾಡಿದ ಎರಡು ಮಡಚುವ ಕತ್ತಿಗಳಿವೆ. ಒಂದರ ಹಿಡಿ ಜೇನಿನ ಬಣ್ಣ, ಮುಟ್ಟಿದರೆ ಅಂಟುತ್ತದೆ. ಅಲಗಿಗೆ ತುಕ್ಕು ಹಿಡಿದಿರುವುದು ಹಿಡಿಯೊಳಗೆ ಮಲಗುವ ಭಾಗಕ್ಕೆ ಮಾತ್ರ. ಇನ್ನೊಂದರ ಕಪ್ಪು ಹಿಡಿ ಒಣಗಿ ಅಂಚಿನಲ್ಲಿ ಪದರ ಬಿಟ್ಟಿದೆ. ಎರಡನ್ನೂ ಎಣ್ಣೆಯಲ್ಲಿ ನೆನೆಸಿದರೆ ಸಾಕೇ?

ಉತ್ತರ 1: ಜೇನು ಬಣ್ಣದ್ದನ್ನು ಇವತ್ತೇ ಬಿಚ್ಚಿ, ದಯವಿಟ್ಟು ತಡಮಾಡಬೇಡಿ. ನೀವು ಹೇಳಿದ ತುಕ್ಕಿನ ಜಾಗವೇ ಗುರುತು: ಅದು ಕೊಳೆಯುತ್ತಿರುವ ಸೆಲ್ಯುಲಾಯ್ಡ್ (ಹಳೆಯ ಕಾಲದ ಒಂದು ಬಗೆಯ ಪ್ಲಾಸ್ಟಿಕ್). ಅದರಿಂದ ಹೊರಡುವ ನೈಟ್ರೋಜನ್ ಆಕ್ಸೈಡ್ ಗಾಳಿಯ ತೇವಕ್ಕೆ ಸೇರಿ ನೈಟ್ರಿಕ್ ಆಮ್ಲವಾಗುತ್ತದೆ. ಆ ಆಮ್ಲ ಉಕ್ಕನ್ನೂ ತಿನ್ನುತ್ತದೆ, ಹಿಡಿ ಕೊಳೆಯುವ ವೇಗವನ್ನೂ ಹೆಚ್ಚಿಸುತ್ತದೆ. ಎಣ್ಣೆ, ಪಾಲಿಶ್ ಯಾವುದಕ್ಕೂ ಇದು ನಿಲ್ಲುವುದಿಲ್ಲ. ಮುಚ್ಚಿದ ಡಬ್ಬಿಯಲ್ಲಿ ಬೇರೆ ಕತ್ತಿಗಳ ಜೊತೆ ಇಟ್ಟರೆ ಅವಕ್ಕೂ ತುಕ್ಕು. ಸೆಲ್ಯುಲಾಯ್ಡ್ ಭಗ್ಗನೆ ಹೊತ್ತಿಕೊಳ್ಳುವ ವಸ್ತು, ಹಾಗಾಗಿ ಕಾಯಿಸಿದ ಸೂಜಿ ಚುಚ್ಚಿ ನೋಡಬೇಡಿ, ಮೆಷಿನ್‌ನಲ್ಲಿ ಉಜ್ಜಬೇಡಿ.

ಉತ್ತರ 2: ಗಟ್ಟಿಯಾಗಿರುವ ಹಿಡಿ ಯಾವುದರದ್ದೆಂದು ತಿಳಿಯಲು ಹೆಬ್ಬೆರಳಿನಿಂದ ಬಿಸಿಯಾಗುವಷ್ಟು ತಿಕ್ಕಿ ಮೂಸಿ. ಕರ್ಪೂರದ ವಾಸನೆ ಬಂದರೆ ಸೆಲ್ಯುಲಾಯ್ಡ್, ಗಂಧಕದ್ದಾದರೆ ಗಟ್ಟಿ ರಬ್ಬರ್. ಕಪ್ಪು ರಬ್ಬರ್ ಬಿಸಿಲಿಗೆ ಕಂದು ತಿರುಗಿರುತ್ತದೆ. ಅದನ್ನು ಬಿಸಿನೀರಿಗೆ ಹಾಕಿದರೆ ಬಣ್ಣ ಇನ್ನೂ ಕೆಡುತ್ತದೆ. ನಿಮ್ಮ ಎರಡನೆಯದು ಪದರ ಬಿಡುತ್ತಿದೆ ಎಂದರೆ ಕೊಂಬೇ ಇರಬೇಕು. ರಬ್ಬರ್ ಹಾಗೆ ಸಿಪ್ಪೆ ಏಳುವುದಿಲ್ಲ.

ಕೊಂಬಿಗೆ ಎಣ್ಣೆ ಬೇಕು, ಆದರೆ ಅಂಟು ಮೊದಲು. ಎಣ್ಣೆ ಕುಡಿದ ಕೊಂಬಿಗೆ ಅಂಟು ಹಿಡಿಯುವುದಿಲ್ಲ. ಬಿರುಕನ್ನು ಅಸಿಟೋನಿನಿಂದ ಒರೆಸಿ (ಕೊಂಬಿಗೆ ಮಾತ್ರ, ಸೆಲ್ಯುಲಾಯ್ಡ್ ಕರಗಿಹೋಗುತ್ತದೆ), ತೆಳು ಸೂಪರ್ ಗ್ಲೂ ಒಂದು ಹನಿ ಇಳಿಸಿ, ಕ್ಲ್ಯಾಂಪ್ ಹಾಕಿ 24 ಗಂಟೆ ಬಿಡಿ. ಆಮೇಲೆ 400, 800, 1500, 2000 ನಂಬರಿನ ವಾಟರ್ ಪೇಪರ್. ಕೊನೆಗೆ ಚರ್ಮದ ಕೆಲಸದವರು ಬಳಸುವ ನೀಟ್ಸ್‌ಫುಟ್ ಎಣ್ಣೆಯಲ್ಲಿ ಒಂದು ವಾರ ಮುಳುಗಿಸಿಡಿ. ಅಗಸೆ ಎಣ್ಣೆ ಬೇಡ, ಒಣಗಿ ಜಿಗುಟಾಗುತ್ತದೆ.

ಉತ್ತರ 3: ಬಿಚ್ಚುವಾಗಲೇ ಹೆಚ್ಚು ಹಿಡಿ ಒಡೆಯುವುದು. ಹಿಡಿಯ ಎರಡು ಹೋಳನ್ನು ಜೋಡಿಸುವ ಪಿನ್ನಿನ ತಲೆಗೆ ಡ್ರಿಲ್ ಇಡಬೇಡಿ: ಲೋಹದ ಮೇಲಿಂದ ಬಿಟ್ ಜಾರಿ ಮೆತ್ತನೆಯ ಕೊಂಬಿಗೆ ಇಳಿಯುತ್ತದೆ. ಸಣ್ಣ ಅರದಿಂದ ತಲೆಯನ್ನು ಸವೆಸಿ. ವಾಷರ್ ತಾನಾಗಿ ಸಡಿಲವಾಗುತ್ತದೆ. ಕೆಳಗೆ 3 ಮಿ.ಮೀ. ತೂತಿನ ಮರದ ತುಂಡು ಕೊಟ್ಟು 1.5 ಮಿ.ಮೀ. ಪಂಚ್‌ನಿಂದ ಪಿನ್ನು ತಳ್ಳಿ. ತುದಿಯಲ್ಲಿ ಎರಡು ಹೋಳಿನ ನಡುವೆ ಇರುವ ಬೆಣೆ ಸೀಸದ್ದಾಗಿ ಬಿಳಿ ಪುಡಿ ಕಂಡರೆ ಒಣಗಿದಂತೆ ಉಜ್ಜಬೇಡಿ, ಅದು ವಿಷ. ಒದ್ದೆ ಬಟ್ಟೆಯಿಂದ ಒರೆಸಿ, ಕೊಂಬಿನ ಬೆಣೆ ಹಾಕಿ.

ಸೆಲ್ಯುಲಾಯ್ಡಿನ ಬದಲಿಗೆ 3 ಮಿ.ಮೀ. ದಪ್ಪದ ಬೀಟೆ ಹಲಗೆ ಚೆನ್ನಾಗಿ ಒಪ್ಪುತ್ತದೆ. ಹಳೆಯ ಹಿಡಿಯ ಆಕಾರವನ್ನು ಕಾಗದಕ್ಕೆ ಇಳಿಸಿಕೊಳ್ಳದೆ ಎಸೆಯಬೇಡಿ. ಮೊದಲು 1.4 ಮಿ.ಮೀ. ಸ್ಕ್ರೂ ನಟ್ಟಿನಲ್ಲಿ ಜೋಡಿಸಿ, ಮಡಚಿದಾಗ ಅಲಗು ನಡುವೆ ಕೂರುತ್ತದೆಯೇ ನೋಡಿ. ಒಂದು ಕಡೆಗೆ ವಾಲಿದರೆ ಬೆಣೆಯನ್ನು ಉಜ್ಜಿ ಸರಿಪಡಿಸಿ. ಪಿನ್ನು ಬಡಿದ ಮೇಲೆ ತಿದ್ದುವುದು ಕಷ್ಟ. ನಂತರ 1.6 ಮಿ.ಮೀ. ಹಿತ್ತಾಳೆ ತಂತಿ ತೂರಿಸಿ, ವಾಷರ್‌ನ ಆಚೆ ಎರಡೂ ಕಡೆ 1 ಮಿ.ಮೀ. ಬಿಟ್ಟು ಕತ್ತರಿಸಿ. ಬೆಣೆಯ ಕಡೆಯ ಪಿನ್ನನ್ನು ಮೊದಲು ಬಡಿಯಿರಿ, ಅಲಗಿನ ಕಡೆಯದನ್ನು ಆಮೇಲೆ. ದುಂಡು ತಲೆಯ ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ, ನಾಲ್ಕೈದು ಪೆಟ್ಟಿಗೊಮ್ಮೆ ಮಗುಚಿ ಹಾಕಿ. ಅಲಗು ಬೆರಳಿನ ಒತ್ತಿಗೆ ತೆರೆದು, ಬಿಟ್ಟಲ್ಲೇ ನಿಂತರೆ ಅಲ್ಲಿಗೆ ನಿಲ್ಲಿಸಿ. ಇನ್ನೆರಡು ಪೆಟ್ಟು ಕೊಟ್ಟರೆ ತೂತಿನ ಸುತ್ತ ಸೀಳು ಬಿಡುತ್ತದೆ.