ವಾಟ್ಸ್‌ಆ್ಯಪ್‌ನಲ್ಲಿ ಬಂದ ಕ್ಯೂಆರ್ ಚಿತ್ರವನ್ನು ಜಾಲತಾಣಕ್ಕೆ ಹಾಕಿ ಓದಿಸುವುದು ಸರಿಯೇ?

ಗಂಗಾವತಿ ಗುಮಾಸ್ತ:

ಎಲ್ಲರಿಗೂ ನಮಸ್ಕಾರ. ಗಂಗಾವತಿಯ ಭತ್ತದ ದಲ್ಲಾಳಿ ಅಂಗಡಿಯೊಂದರಲ್ಲಿ ನಾನು ಲೆಕ್ಕ ಬರೆಯುತ್ತೇನೆ. ಸುಗ್ಗಿಯ ದಿನಗಳಲ್ಲಿ ಲಾರಿ ಬಾಡಿಗೆ, ಹಮಾಲಿ, ಗೋಣಿಚೀಲದ ಬಿಲ್ಲು ಎಂದು ಒಂದರ ಹಿಂದೆ ಒಂದು ಕ್ಯೂಆರ್ ಚಿತ್ರಗಳು ಫೋನಿಗೆ ಬರುತ್ತಲೇ ಇರುತ್ತವೆ. ಚಿತ್ರ ಇರುವುದು ನನ್ನ ಫೋನಿನೊಳಗೇ ಆದ್ದರಿಂದ ಅದೇ ಫೋನಿನ ಕ್ಯಾಮೆರಾದಿಂದ ಅದನ್ನು ಹಿಡಿಯಲು ಬರುವುದಿಲ್ಲ. ಹೀಗಾಗಿ ಅಂಗಡಿಯ ಕಂಪ್ಯೂಟರಿನಲ್ಲಿ ಉಚಿತವಾಗಿ ಕ್ಯೂಆರ್ ಓದಿಕೊಡುವ ಒಂದು ಜಾಲತಾಣಕ್ಕೆ ಚಿತ್ರವನ್ನು ಅಪ್‌ಲೋಡ್ ಮಾಡಿ, ಒಳಗೇನಿದೆ ಎಂದು ನೋಡುವುದನ್ನು ರೂಢಿ ಮಾಡಿಕೊಂಡಿದ್ದೆ.

ಕಳೆದ ವಾರ ಪರಿಚಯವಿಲ್ಲದ ಸಂಖ್ಯೆಯಿಂದ, ‘ನಿಮಗೆ ಬರಬೇಕಾದ ಬಾಕಿ ಜಮಾ ಆಗಲು ಇದನ್ನು ಸ್ಕ್ಯಾನ್ ಮಾಡಿ’ ಎಂಬ ಮಾತಿನೊಂದಿಗೆ ಒಂದು ಚಿತ್ರ ಬಂತು. ಎಂದಿನಂತೆ ಜಾಲತಾಣಕ್ಕೆ ಹಾಕಿದೆ. ಫಲಿತಾಂಶದ ಪಕ್ಕದಲ್ಲೇ ದೊಡ್ಡ ಹಸಿರು ಬಟನ್ ಇತ್ತು. ತೆರೆಯಲು ಅದೇ ಇರಬೇಕೆಂದು ಒತ್ತಿದೆ. ಅದು ಜಾಹೀರಾತಾಗಿತ್ತು, ಯಾವುದೋ ಫೈಲ್ ಡೌನ್‌ಲೋಡ್ ಆಗತೊಡಗಿತು. ಗಾಬರಿಯಲ್ಲಿ ಇಂಟರ್‌ನೆಟ್ ತಂತಿಯನ್ನೇ ಕಿತ್ತು, ಆ ಫೈಲನ್ನು ತೆರೆಯದೆ ಅಳಿಸಿದೆ.

ಬರಿಯ ಸ್ಕ್ಯಾನ್‌ನಿಂದಲೇ ಹಣ ಹೋಗುತ್ತದೆಯೇ? ನಾನು ಅಪ್‌ಲೋಡ್ ಮಾಡಿದ ಚಿತ್ರಗಳು ಎಲ್ಲಿಗೆ ಹೋಗುತ್ತವೆ? ಇನ್ನೊಂದು ಸಂಗತಿಯೆಂದರೆ, ಗೋಣಿಚೀಲದ ವ್ಯಾಪಾರಿಯ ಜಿಎಸ್‌ಟಿ ಬಿಲ್ಲಿನ ಕ್ಯೂಆರ್ ಓದಿಸಿದಾಗ ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರಗಳ ಉದ್ದನೆಯ ಸಾಲು ಬರುತ್ತದೆ. ಅದು ಮೋಸವೇ?

ರಾಯಚೂರು ಕಂಪ್ಯೂಟರ್ ಮೇಷ್ಟ್ರು:

ಗುಮಾಸ್ತರೇ, ಫೈಲನ್ನು ತೆರೆಯದೆ ಅಳಿಸಿದ್ದು ಒಳ್ಳೆಯದಾಯಿತು. ಕ್ಯೂಆರ್ ಚೌಕದೊಳಗೆ ಇರುವುದು ಬರಿಯ ಪಠ್ಯ. 1994ರಲ್ಲಿ ಜಪಾನಿನ ಡೆನ್ಸೊ ವೇವ್ ಸಂಸ್ಥೆಯವರು ಕಾರಿನ ಬಿಡಿಭಾಗಗಳ ಲೆಕ್ಕ ಇಡಲು ಇದನ್ನು ರೂಪಿಸಿದಾಗಲೂ ಅದು ಅಷ್ಟೇ ಆಗಿತ್ತು. ಪಠ್ಯವನ್ನು ಓದುವುದು ಒಂದು ಕೆಲಸ, ಓದಿದ್ದರಂತೆ ನಡೆಯುವುದು ಇನ್ನೊಂದು ಕೆಲಸ. ಕ್ಯಾಮೆರಾ ಆ್ಯಪ್‌ಗಳು ಇವೆರಡನ್ನೂ ಒಂದೇ ಬೆರಳಿನೇಟಿಗೆ ಅಂಟಿಸಿಬಿಟ್ಟಿರುವುದರಿಂದ ನಮಗೆ ನಡುವಿನ ಗೆರೆ ಕಾಣುವುದಿಲ್ಲ. ಮೊದಲು ಪಠ್ಯವನ್ನಷ್ಟೇ ಹೊರತೆಗೆದು, ಕಣ್ಣಿಂದ ಓದಿ, ಆಮೇಲೆ ಮುಂದಿನದನ್ನು ತೀರ್ಮಾನಿಸುವ ತಮ್ಮ ಅಭ್ಯಾಸ ಸರಿಯಾದದ್ದೇ; ಅದಕ್ಕೆ ಆರಿಸಿಕೊಂಡ ಜಾಗ ಮಾತ್ರ ಸರಿಯಿಲ್ಲ.

ಇಂಥ ಜಾಲತಾಣಗಳಲ್ಲಿ ಎರಡು ಬಗೆ. ಕೆಲವು ನಾವು ಕೊಟ್ಟ ಚಿತ್ರವನ್ನು ತಮ್ಮ ಸರ್ವರ್‌ಗೆ, ಎಂದರೆ ಬೇರೆಲ್ಲೋ ಇರುವ ತಮ್ಮ ಕಂಪ್ಯೂಟರಿಗೆ, ತರಿಸಿಕೊಂಡು ಅಲ್ಲಿ ಓದುತ್ತವೆ. ಅಲ್ಲಿ ಅದು ಎಷ್ಟು ದಿನ ಉಳಿಯುತ್ತದೆ, ಯಾರು ನೋಡುತ್ತಾರೆ ಎಂಬುದು ನಮ್ಮ ಕೈಯಲ್ಲಿಲ್ಲ. ಇನ್ನು ಕೆಲವು ನಮ್ಮ ಬ್ರೌಸರಿನೊಳಗೇ, ಪುಟದೊಂದಿಗೆ ಬರುವ ಜಾವಾಸ್ಕ್ರಿಪ್ಟ್ ಎಂಬ ಪ್ರೋಗ್ರಾಮಿನಿಂದ ಓದಿ ಮುಗಿಸುತ್ತವೆ. ಯಾವುದು ಎಂಥದ್ದೆಂದು ತಿಳಿಯಲು, ಪುಟ ಪೂರ್ತಿ ತೆರೆದ ಮೇಲೆ ಇಂಟರ್‌ನೆಟ್ ತೆಗೆದುಹಾಕಿ, ಗುಟ್ಟೇನೂ ಇಲ್ಲದ ಒಂದು ಚಿತ್ರವನ್ನು ಕೊಟ್ಟು ನೋಡಿ. ಆಗಲೂ ಫಲಿತಾಂಶ ಬಂದರೆ ಓದುವ ಕೆಲಸ ತಮ್ಮ ಯಂತ್ರದಲ್ಲೇ ನಡೆದಿದೆ ಎಂದರ್ಥ. ಹಾಗಿದ್ದರೂ ನಾನಾದರೆ ಆ ಪುಟವನ್ನು ಮುಚ್ಚಿದ ಮೇಲೆಯೇ ಇಂಟರ್‌ನೆಟ್ ಜೋಡಿಸುತ್ತೇನೆ, ಏಕೆಂದರೆ ಸಂಪರ್ಕ ಮರಳಿದೊಡನೆ ಆ ಪುಟ ಏನನ್ನು ಕಳಿಸೀತು ಎಂದು ಯಾರು ಕಂಡರು?

ಪ್ರತಿದಿನದ ಕೆಲಸಕ್ಕೆ ಜಾಲತಾಣದ ಹಂಗೇ ಬೇಡ. ಕಂಪ್ಯೂಟರಿಗೆ ಝಡ್‌ಬಾರ್ ಎಂಬ ಉಚಿತ, ಮುಕ್ತ ತಂತ್ರಾಂಶವಿದೆ; ಚಿತ್ರದ ಫೈಲನ್ನು ಕೊಟ್ಟರೆ ಪಠ್ಯವನ್ನು ಮಾತ್ರ ಮುದ್ರಿಸುತ್ತದೆ, ಯಾವ ಲಿಂಕನ್ನೂ ತಾನಾಗಿ ತೆರೆಯುವುದಿಲ್ಲ. ಗೂಗಲ್ ಲೆನ್ಸ್ ಸಲೀಸು ನಿಜ, ಆದರೆ ಅಲ್ಲಿ ಚಿತ್ರ ಗೂಗಲ್ ಸರ್ವರ್‌ಗೆ ಹೋಗುತ್ತದೆ ಎಂಬುದು ನೆನಪಿರಲಿ. ಹಣ ಕೊಡುವುದಕ್ಕಾಗಿಯೇ ಬಂದ ಕ್ಯೂಆರ್ ಆಗಿದ್ದರೆ, ತಾವು ಬಳಸುವ ಯುಪಿಐ ಆ್ಯಪ್‌ನಲ್ಲೇ ಗ್ಯಾಲರಿಯಿಂದ ಚಿತ್ರ ಆರಿಸುವ ಸೌಲಭ್ಯವಿರುತ್ತದೆ.

ಚಿತ್ರ ಓದಿಸಿಕೊಳ್ಳದೆ ಹಟ ಮಾಡಿದರೆ, ಸುತ್ತಲಿನ ಬಿಳಿ ಅಂಚನ್ನು ಯಾರೋ ಕತ್ತರಿಸಿದ್ದಾರೆಯೇ ನೋಡಿ. ಕ್ಯೂಆರ್‌ನೊಳಗಿನ ನಾಲ್ಕು ಪುಟ್ಟ ಚೌಕಗಳಷ್ಟು ಅಗಲದ ಖಾಲಿ ಜಾಗ ಇರಬೇಕೆಂಬುದು ನಿಯಮ. ವಾಟ್ಸ್‌ಆ್ಯಪ್ ಚಿತ್ರವನ್ನು ಕುಗ್ಗಿಸುವುದರಿಂದ, ಡಾಕ್ಯುಮೆಂಟ್ ರೂಪದಲ್ಲಿ ಮತ್ತೊಮ್ಮೆ ಕಳಿಸಲು ಹೇಳಿ.

ಆ ಉದ್ದನೆಯ ಅಕ್ಷರಗಳ ಸಾಲು ಮೋಸವಲ್ಲ. ಇ-ಇನ್‌ವಾಯ್ಸ್, ಎಂದರೆ ಸರ್ಕಾರದ ಜಾಲದಲ್ಲಿ ನೋಂದಾಯಿಸಿದ ಜಿಎಸ್‌ಟಿ ಬಿಲ್ಲಿನ ಕ್ಯೂಆರ್ ಇರುವುದೇ ಹಾಗೆ: ಮಾರಿದವರ ಮತ್ತು ಕೊಂಡವರ ಜಿಎಸ್‌ಟಿ ಸಂಖ್ಯೆ, ಬಿಲ್ಲಿನ ಸಂಖ್ಯೆ, ದಿನಾಂಕ, ಮೊತ್ತ ಎಲ್ಲವನ್ನೂ ಸೇರಿಸಿ, ಡಿಜಿಟಲ್ ಸಹಿ ಹಾಕಿ, ಒಂದೇ ಸಾಲಿಗೆ ಕಟ್ಟಿರುತ್ತಾರೆ. ನಡುವೆ ಎರಡು ಕಡೆ ಚುಕ್ಕೆ ಇರುವುದನ್ನು ಗಮನಿಸಿ; ಕೊನೆಯ ಚುಕ್ಕೆಯ ನಂತರದ್ದು ಸಹಿ. ನೋಡಲು ಗೂಢಲಿಪಿಯಂತಿದ್ದರೂ ಅದು ಬೀಗ ಹಾಕಿದ ಮಾಹಿತಿಯಲ್ಲ, ತಿಳಿದವರು ಕ್ಷಣದಲ್ಲಿ ಬಿಡಿಸಿ ಓದಬಲ್ಲರು. ಸಹಿ ಸಾಚಾ ಹೌದೋ ಅಲ್ಲವೋ ಎಂದು ನೋಡಲು ಜಿಎಸ್‌ಟಿ ಜಾಲದವರದ್ದೇ ಆ್ಯಪ್ ಇದೆ. ಅಂಗಡಿಯ ವ್ಯವಹಾರವನ್ನು ಗುರುತಿಲ್ಲದ ಜಾಲತಾಣಕ್ಕೆ ಒಪ್ಪಿಸಬೇಕಾದ ಪ್ರಮೇಯವೇ ಇಲ್ಲ.

ಬಳ್ಳಾರಿ ಜೀನ್ಸ್ ವ್ಯಾಪಾರಿ:

ಮೇಷ್ಟ್ರ ಮಾತಿಗೆ ವ್ಯಾಪಾರದ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ. ನಮ್ಮಲ್ಲಿ ಸಿದ್ಧ ಜೀನ್ಸ್ ಕೊಳ್ಳುವವರು ಹೊರ ರಾಜ್ಯಗಳಿಂದಲೂ ಫೋನಿನಲ್ಲೇ ಮಾತಾಡುತ್ತಾರೆ, ಮುಖ ಕಂಡಿರುವುದಿಲ್ಲ. ಅಂಥ ಒಬ್ಬರು ಮುಂಗಡ ಕಳಿಸುತ್ತೇನೆಂದು ನನಗೂ ಕ್ಯೂಆರ್ ಕಳಿಸಿದ್ದರು. ಹಣ ನಮ್ಮ ಖಾತೆಗೆ ಬರುವುದಕ್ಕೆ ನಾವು ಸ್ಕ್ಯಾನ್ ಮಾಡುವುದೂ ಬೇಡ, ಯುಪಿಐ ಪಿನ್ ಒತ್ತುವುದೂ ಬೇಡ. ಪಿನ್ ಕೇಳಿತೆಂದರೆ ಹಣ ಹೋಗುವ ಬಾಗಿಲು ತೆರೆದಿದೆ ಎಂದೇ ಅರ್ಥ.

ಯುಪಿಐ ಕ್ಯೂಆರ್ ಪಠ್ಯದಲ್ಲಿ ‘ಪಿಎ’ (pa) ಎಂಬುದರ ಮುಂದೆ ಹಣ ಸೇರುವ ವಿಳಾಸ, ‘ಪಿಎನ್’ (pn) ಮುಂದೆ ಹೆಸರು, ‘ಎಎಂ’ (am) ಮುಂದೆ ಮೊತ್ತ ಇರುತ್ತದೆ. ಇವುಗಳಲ್ಲಿ ಹೆಸರನ್ನು ಮಾತ್ರ ನಂಬಬೇಡಿ, ಕೋಡ್ ತಯಾರಿಸಿದವರು ತಮಗೆ ಬೇಕಾದ್ದನ್ನು ಬರೆಯಬಹುದು. ಪಿನ್ ಒತ್ತುವ ಮುನ್ನ ಆ್ಯಪ್ ತೋರಿಸುವ, ಬ್ಯಾಂಕಿನಲ್ಲಿ ನೋಂದಾದ ಹೆಸರನ್ನು ನೋಡಿ. ನಡುವೆ ಬ್ಯಾಂಕಿನ ಲಾಂಛನ ಇದ್ದ ಮಾತ್ರಕ್ಕೆ ಅಸಲಿ ಎಂದುಕೊಳ್ಳುವವರೂ ಇದ್ದಾರೆ. ಕ್ಯೂಆರ್‌ಗೆ ತಪ್ಪು ತಿದ್ದಿಕೊಳ್ಳುವ ಗುಣವಿದೆ, ಅತಿ ಹೆಚ್ಚಿನ ಮಟ್ಟದಲ್ಲಿ ಸುಮಾರು 30 ಶೇಕಡದಷ್ಟು ಹಾಳಾದರೂ ಓದಿಸಿಕೊಳ್ಳುತ್ತದೆ. ಹಾಗಾಗಿ ನಡುವೆ ಯಾರು ಯಾವ ಚಿತ್ರವನ್ನಾದರೂ ಕೂರಿಸಬಹುದು. ಹಣ ಹೋಗಿಯೇಬಿಟ್ಟಿದ್ದರೆ ನಾಚಿಕೊಂಡು ಕೂರದೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಕೊಪ್ಪಳ ಅರ್ಜಿ ಸಹಾಯಕ:

ಊರವರಿಗೆ ಅರ್ಜಿ ತುಂಬಿಕೊಡುವುದು ನನ್ನ ಕೆಲಸ. ಮೋಸದ ಕ್ಯೂಆರ್‌ನಷ್ಟೇ, ನಮ್ಮದೇ ಅಸಲಿ ಕ್ಯೂಆರ್‌ನ ಬಗ್ಗೆಯೂ ಹುಷಾರಿರಬೇಕು ಸರ್. ಆಧಾರ್ ಕಾರ್ಡಿನ ಕ್ಯೂಆರ್‌ನಲ್ಲಿ ಹೆಸರು, ವಿಳಾಸ, ಹುಟ್ಟಿದ ದಿನ, ಭಾವಚಿತ್ರ ಇರುತ್ತವೆ. 2018ಕ್ಕಿಂತ ಹಿಂದಿನ ಹಳೆಯ ಕಾರ್ಡುಗಳಲ್ಲಂತೂ ಪೂರ್ತಿ 12 ಅಂಕಿಗಳೇ ಇದ್ದವು. ವೈಫೈ ಹಂಚಿಕೊಳ್ಳುವ ಕ್ಯೂಆರ್‌ನಲ್ಲಿ ಪಾಸ್‌ವರ್ಡ್ ಇದ್ದ ಹಾಗೇ ಬರೆದಿರುತ್ತದೆ. ಪಾಸ್‌ವರ್ಡ್ ಜೊತೆಗೆ ಆರಂಕಿಯ ಸಂಖ್ಯೆಯನ್ನೂ ಕೇಳುವ ಎರಡು ಹಂತದ ಲಾಗಿನ್‌ಗೆ ತೋರಿಸುವ ಕ್ಯೂಆರ್‌ನಲ್ಲಿ ಮೂಲ ಕೀಲಿಯೇ ಇರುತ್ತದೆ, ಆ ಚಿತ್ರ ಯಾರ ಕೈ ಸೇರಿದರೂ ಅವರ ಫೋನಿನಲ್ಲೂ ನಮ್ಮ ಆರಂಕಿಯ ಸಂಖ್ಯೆಗಳೇ ಹುಟ್ಟುತ್ತವೆ. ಇಂಥವುಗಳನ್ನು ಯಾವ ಜಾಲತಾಣಕ್ಕೂ ಹಾಕಬಾರದು.

ಲಿಂಕ್ ಬಂದಿದ್ದರೆ, ಮೊದಲ ಒಂಟಿ ಓರೆಗೆರೆಯ (/) ತನಕದ ಭಾಗವನ್ನು ಬಲದಿಂದ ಎಡಕ್ಕೆ ಓದುತ್ತಾ ಬನ್ನಿ. ಬ್ಯಾಂಕಿನ ಹೆಸರು ಎಡತುದಿಯಲ್ಲಿದ್ದು, ಬಲತುದಿಯಲ್ಲಿ ಬೇರೇನೋ ಇದ್ದರೆ ಆ ತಾಣ ಆ ಬೇರೆಯವರದ್ದೇ. ಚಿಕ್ಕದು ಮಾಡಿದ ಲಿಂಕ್ ಆಗಿದ್ದರೆ ಇಷ್ಟು ಓದಿದರೂ ಏನೂ ತಿಳಿಯುವುದಿಲ್ಲ, ಕಳಿಸಿದವರಿಗೆ ಫೋನ್ ಮಾಡಿ ಕೇಳುವುದೇ ದಾರಿ.

ಗಂಗಾವತಿ ಗುಮಾಸ್ತ:

ಮೂವರಿಗೂ ವಂದನೆಗಳು. ಮೇಷ್ಟ್ರು ಹೇಳಿದಂತೆ ಇಂಟರ್‌ನೆಟ್ ತೆಗೆದು ಪರೀಕ್ಷಿಸಿದೆ. ನಾನು ನಂಬಿದ್ದ ಜಾಲತಾಣ ಅಲ್ಲೇ ನಿಂತುಹೋಯಿತು. ಇಷ್ಟು ದಿನದ ನಮ್ಮ ಬಿಲ್ಲುಗಳೆಲ್ಲ ಅದರ ಸರ್ವರ್‌ಗೆ ಹೋಗಿರಬಹುದು ಎಂದಾಯಿತು. ಇದನ್ನು ಮಾಲೀಕರಿಗೂ ತಿಳಿಸಿದ್ದೇನೆ.

ಝಡ್‌ಬಾರ್ ಹಾಕಿಕೊಂಡು ಆ ‘ಬಾಕಿ ಜಮಾ’ ಚಿತ್ರವನ್ನು ಮತ್ತೆ ಓದಿಸಿದೆ. ‘ಎಎಂ’ ಮುಂದೆ 18,500 ಎಂದಿತ್ತು. ನಮಗೆ ಬರಬೇಕಿದ್ದ ಬಾಕಿ ಎಂದು ಅವರು ಹೇಳಿದ್ದ ಮೊತ್ತವೂ ಅದೇ. ಆದರೆ ‘ಪಿಎ’ ಮುಂದೆ ಇದ್ದ ವಿಳಾಸ ನಮ್ಮ ಅಂಗಡಿಯದ್ದಲ್ಲ.