ಒಂದು ಚಿಪ್ಪು, ಹತ್ತು ಅವತಾರ

"ನೋಡು ಶಾಮಣ್ಣ, ಯುಎಸ್‌ಬಿಗೆ ಚುಚ್ಚೋ ಈ ಚಿಪ್ಪಿಗೆ ಕೋಡು ಒಂದೇ. ಸೀರಿಯಲ್ ಪೋರ್ಟು, ಕೀಬೋರ್ಡು, ಸಂಗೀತದ ಮಿಡಿ, ಪೆನ್‌ಡ್ರೈವು... ಮೇಲೊಂದು ಡಿಫೈನ್ ಬದಲಾಯಿಸಿದ್ರೆ ಸಾಕು, ಬೇರೆ ಅವತಾರ!" ಗಿರಿ ಇಡ್ಲಿ ತಟ್ಟೆ ಸರಿಸಿ ಲ್ಯಾಪ್‌ಟಾಪ್ ತಿರುಗಿಸಿದ.

"ಕೋಡು ಎಲ್ಲಿದೆಯೋ? ಬರೀ ಇಫ್‌ಡೆಫ್, ಎಂಡಿಫ್ ಕಾಣ್ತಿದೆ."

"ಅವೇ ಸ್ವಿಚ್ಚು ಅಣ್ಣ. ಮೇಲೆ ಡಿಫೈನ್ ಮಾಡಿದ್ರೆ ಮಾತ್ರ ನಡುವಿನ ಕೋಡು ಕಂಪೈಲ್ ಆಗುತ್ತೆ. ನಾಲ್ಕೇ ನಾಲ್ಕು."

"ನಾಲ್ಕು ಸ್ವಿಚ್ಚು ಅಂದ್ರೆ 16 ಫರ್ಮ್‌ವೇರು. ಎಷ್ಟನ್ನ ಕಂಪೈಲ್ ಮಾಡಿ ನೋಡಿದ್ದೀಯ?"

ಗಿರಿ ಚಟ್ನಿ ಹಾಕಿಸಿಕೊಂಡು ಬರಲು ಎದ್ದು ಹೋದ.

"ಒಂದೊಂದೇ ಅವತಾರ ಯಾಕೆ? ಕಾಂಪೋಸಿಟ್ ಡಿವೈಸ್ ಮಾಡಿದ್ರಾಯ್ತು, ಎಲ್ಲಾ ಒಟ್ಟಿಗೆ" ಅಂದಳು ಸುಮಾ.

"ನರಸಿಂಹ! ಆಗಲಿ ತಾಯಿ. ಆದ್ರೆ ಇದು 32ಯು4 ಚಿಪ್ಪು. ಕಂಟ್ರೋಲ್ ಬಿಟ್ರೆ ಎಂಡ್‌ಪಾಯಿಂಟು, ಅಂದ್ರೆ ಡೇಟಾ ಹೋಗಿಬರೋ ಬಾಗಿಲು, ಇರೋದೇ 6. ಸೀರಿಯಲ್ ಒಂದೇ 3 ನುಂಗುತ್ತೆ, ಕೀಬೋರ್ಡಿಗೆ 1, ಮಿಡಿಗೆ 2. ಪೆನ್‌ಡ್ರೈವು ಕಂಬದೊಳಗೇ ಇರಬೇಕು."

ಗಿರಿ ವಾಪಸ್ ಬಂದ. "ಅದೇನೋ, ಕೀಬೋರ್ಡ್ ಮೋಡ್ ಮಾತ್ರ ಏಳ್ತಾನೇ ಇಲ್ಲ."

"ಮೇಲೆ ಸ್ಪೆಲ್ಲಿಂಗ್ ಸರಿ ಇದೆ, ಕೆಳಗಿನ ಹ್ಯಾಶ್-ಇಫ್‌ನಲ್ಲಿ ಒಂದು 'ಎ' ತಿಂದಿದ್ದೀಯ. ಗೊತ್ತಿಲ್ಲದ ಹೆಸರು ಅಂದ್ರೆ ಅದಕ್ಕೆ ಸೊನ್ನೆ, ಅಷ್ಟೇ. ಡಬ್ಲ್ಯೂ-ಅನ್‌ಡೆಫ್ ಅನ್ನೋ ಎಚ್ಚರಿಕೆ ಆಯ್ಕೆ ಹಾಕಿ ಕೇಳದಿದ್ರೆ ಕಂಪೈಲರ್ ಜಿಸಿಸಿ ಬಾಯೇ ಬಿಡಲ್ಲ. ಪ್ರಹ್ಲಾದ ಹೆಸರು ತಪ್ಪಾಗಿ ಕೂಗಿದ್ರೆ ಕಂಬ ಒಡೀತಿತ್ತೇನೋ?"

ಗಿರಿ ತಿದ್ದಿದ, ಬೋರ್ಡಿಗೆ ಏರಿಸಿದ. ಕೀಬೋರ್ಡು ಎದ್ದೇ ಎದ್ದಿತು. ಎದ್ದಿದ್ದೇ ತೆರೆದಿದ್ದ ಕೋಡಿನ ನಟ್ಟನಡುವೆ ಹಲೋ ಹಲೋ ಹಲೋ ಅಂತ ಟೈಪಿಸತೊಡಗಿತು.

"ಹಿರಣ್ಯಕಶಿಪು ಸಿಕ್ಕಿದ ನೋಡು" ಅಂದ ಶಾಮಣ್ಣ, ಕೇಬಲ್ ಕೀಳುತ್ತಾ. "ಅವತಾರ ಎತ್ತೋದು ಡಿಸ್ಕ್ರಿಪ್ಟರು, ಕಂಪ್ಯೂಟರಿಗೆ 'ನಾನು ಇಂಥದ್ದು' ಅಂತ ಹೇಳೋ ಪಟ್ಟಿ. ಅದನ್ನ ಮೋಡಿಗೊಂದು ಫೈಲ್ ಮಾಡಿಡು. ಮೇನ್ ಲೂಪಿಗೆ ಯಾಕೋ ಬಾಲ, ಕೋರೆಹಲ್ಲು? ಪ್ರಾಡಕ್ಟ್ ಐಡಿನೂ ಬದಲಾಯಿಸು. ಇಲ್ದಿದ್ರೆ ನೀನು ವರಾಹ ಆಗಿ ಹೋದ್ರೂ ವಿಂಡೋಸು ಮತ್ಸ್ಯನ ಡ್ರೈವರೇ ಹಿಡಕೊಂಡು ಕೂತಿರುತ್ತೆ."

"ಅದ್ಸರಿ, ಮಿಡಿ ಯಾರಿಗೆ? ನಮ್ಮಲ್ಲಿ ಯಾರೂ ಹಾರ್ಮೋನಿಯಂ ಕೂಡ ಮುಟ್ಟಲ್ಲ" ಅಂದಳು ಸುಮಾ.

"ಪ್ರಸನ್ನ ಬರೆದಿದ್ದು" ಅಂದ ಗಿರಿ. "ಜರ್ಮನಿಗೆ ಹೋಗೋ ಮುಂಚೆ."

"ಈಗ ಕಂಪೈಲ್ ಆಗುತ್ತಾ?"

"ಇಲ್ಲ. ಫೋನೂ ಮಾಡಲ್ಲ ಅವನು. ಕಿತ್ತು ಹಾಕ್ಲಾ?"

ಅಷ್ಟು ಹೊತ್ತು ಇಫ್‌ಡೆಫ್‌ಗಳಿಗೆ ಶಾಪ ಹಾಕುತ್ತಿದ್ದ ಶಾಮಣ್ಣ ಆ ಸಾಲುಗಳನ್ನು ಮೇಲಿಂದ ಕೆಳಗೆ ಓದಿದ. "ಇರಲಿ ಬಿಡೋ. ಡಿಫೈನ್ ಮಾಡದಿದ್ರೆ ಒಂದು ಬೈಟೂ ತಿನ್ನಲ್ಲ."

ಕೊನೆಗಿದ್ದದ್ದು ಪೆನ್‌ಡ್ರೈವ್ ಮೋಡು. ಇಫ್‌ಡೆಫ್‌ಗೂ ಎಂಡಿಫ್‌ಗೂ ನಡುವೆ ಒಂದೇ ಒಂದು ಕಾಮೆಂಟು: ಆಮೇಲೆ ಬರೆಯುವುದು.

"ಇದೇನೋ?"

"ಮುಂದಿನ ವಾರ ಅಣ್ಣ, ಖಂಡಿತ."

"ಕಲ್ಕಿ!" ಅಂದ ಶಾಮಣ್ಣ. "ಈ ಯುಗ ಮುಗೀಲಿ, ಬರ್ತಾನೆ. ಅಲ್ಲೀವರೆಗೆ ಒಂದು ಬೈ-ಟೂ ಕಾಫಿ ಹೇಳು."