ಐದು ತಿಂಗಳ ಮುಧೋಳ ಮರಿ, ಮೂರನೇ ಮಾಳಿಗೆಯ ಫ್ಲ್ಯಾಟ್: ದಿನಕ್ಕೆ ಎಷ್ಟು ಓಡಿಸಬೇಕು?

ಬೊಳ್ಳಿಯ ಅಮ್ಮ, ಬಿಜೈ

ನಾವಿರುವುದು ಮಂಗಳೂರಿನ ಬಿಜೈಯಲ್ಲಿ, ಮೂರನೇ ಮಾಳಿಗೆಯ ಫ್ಲ್ಯಾಟ್. ನಾನು, ಗಂಡ, ಅತ್ತೆ, ಮತ್ತೆ ಐದು ತಿಂಗಳ ಮುಧೋಳ ಹೆಣ್ಣು ನಾಯಿಮರಿ. ಹೆಸರು ಬೊಳ್ಳಿ. ಗಂಡನ ಆಫೀಸಿನವರೊಬ್ಬರ ಊರು ಬಾಗಲಕೋಟೆ ಕಡೆ, ಅಲ್ಲಿಂದ ಬಂದದ್ದು. ಲಸಿಕೆ ಎಲ್ಲ ಆಗಿದೆ.

ಇವಳಿಗೆ ಎಷ್ಟು ವ್ಯಾಯಾಮ ಬೇಕು ಅಂತಲೇ ಗೊತ್ತಾಗುತ್ತಿಲ್ಲ. 'ವಯಸ್ಸಿನ ಒಂದೊಂದು ತಿಂಗಳಿಗೆ ಐದು ನಿಮಿಷ' ಅಂತ ಎಲ್ಲ ಕಡೆ ಬರೆದಿರುತ್ತಾರೆ. ಆ ಲೆಕ್ಕದಲ್ಲಿ ಇವಳಿಗೆ ಒಂದು ಸಲಕ್ಕೆ 25 ನಿಮಿಷ, ದಿನಕ್ಕೆ ಎರಡು ಸಲ. ಅಷ್ಟು ನಡೆಸುತ್ತಿದ್ದೇವೆ. ಆದರೆ ವಾಪಸ್ ಬಂದು ಲಿಫ್ಟ್ ಬಾಗಿಲು ತೆರೆದ ಕೂಡಲೇ ಮತ್ತೆ ಶುರು. ಸೋಫಾದಿಂದ ಟೀಪಾಯಿ, ಟೀಪಾಯಿಯಿಂದ ಬಾಲ್ಕನಿ ಬಾಗಿಲು. ಟೈಲ್ಸ್ ಮೇಲೆ ಜಾರಿ ಗೋಡೆಗೆ ಬಡಿದುಕೊಂಡು, ಎದ್ದು ಮತ್ತೆ ಓಟ. ಕೆಳಗಿನ ಮನೆಯ ಆಂಟಿ ಫೋನ್ ಮಾಡಿಯೂ ಆಯಿತು. ಸಂಜೆ ಏಳರ ಹೊತ್ತಿಗಂತೂ ಕೇಳಬೇಡಿ. ನನ್ನ ಚೂಡಿದಾರದ ವೇಲ್ ಒಂದೂ ಸರಿ ಉಳಿದಿಲ್ಲ.

ಮೈದುನ ಹೇಳುವುದು, "ಅತ್ತಿಗೆ, ಇದು ಓಡುವ ಜಾತಿ. ಸ್ಕೂಟರಿಗೆ ಕಟ್ಟಿ ಎರಡು ಕಿಲೋಮೀಟರ್ ಓಡಿಸಿ, ತನ್ನಷ್ಟಕ್ಕೆ ಮಲಗ್ತದೆ." ಅತ್ತೆಯದ್ದು ಇನ್ನೊಂದು ವರಸೆ. "ಪಕ್ಕೆಲುಬು ಎಣಿಸಬಹುದು, ಇನ್ನೂ ಓಡಿಸಿದ್ರೆ ಏನು ಉಳೀತದೆ?" ಈ ಸೆಖೆಯಲ್ಲಿ ಜಾಸ್ತಿ ಓಡಿಸಲು ನನಗೂ ಧೈರ್ಯ ಇಲ್ಲ. ಮುಧೋಳ ಸಾಕಿದವರು ಯಾರಾದರೂ ಇದ್ದರೆ ಹೇಳಿ.

ಸುರತ್ಕಲ್ ಲ್ಯಾಬ್ರಡಾರ್

ಅಕ್ಕ, ಸಿಂಪಲ್. ಬೀಚ್‌ಗೆ ಕರೆದುಕೊಂಡು ಹೋಗಿ. ಬಾಲ್ ಎಸೆಯಿರಿ. ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ. ನಮ್ಮ ಲ್ಯಾಬ್ ಮರಿ ಇದ್ದಾಗಿನಿಂದಲೂ ಹೀಗೇ. ಮನೆಗೆ ಬಂದರೆ ಕಟ್ಟಿಗೆ ತುಂಡಿನ ಹಾಗೆ ಬಿದ್ದಿರುತ್ತದೆ. ನಿಮಿಷ ಎಣಿಸುವುದೆಲ್ಲ ಫಾರಿನ್‌ನವರ ಕೆಲಸ.

ಕಟಪಾಡಿ ಪಿಟಿ ಮಾಸ್ಟ್ರು

ತಂಗೀ, ಮೊದಲು ಸ್ಕೂಟರ್ ವಿಷಯ ಮುಗಿಸಿಬಿಡುವ. ಬೇಡ. ಮೈದುನನಿಗೆ ನನ್ನ ಹೆಸರು ಹೇಳಿಯೇ ಬೇಡ ಅನ್ನಿ.

ಮರಿಯ ಉದ್ದ ಎಲುಬುಗಳ ತುದಿಯಲ್ಲಿ ಬೆಳೆಯುವ ಮೆತ್ತನೆ ಭಾಗ ಉಂಟು, ಗ್ರೋತ್ ಪ್ಲೇಟ್ ಅನ್ನುತ್ತಾರೆ. ಎಲುಬು ಉದ್ದ ಆಗುವುದೇ ಅಲ್ಲಿಂದ. ಅದು ಗಟ್ಟಿಯಾಗಿ ಮುಚ್ಚಿಕೊಳ್ಳಲು ಸಣ್ಣ ಜಾತಿಯ ನಾಯಿಗಳಲ್ಲಿ ಹತ್ತು ತಿಂಗಳಾದರೆ ಸಾಕು. ಇಂಥ ಎತ್ತರದ ನಾಯಿಗಳಿಗೆ ವರ್ಷ ದಾಟಬೇಕು, ಕೆಲವಕ್ಕೆ ಒಂದೂವರೆ ವರ್ಷವೂ ಆಗುತ್ತದೆ. ಅಲ್ಲಿಯವರೆಗೆ ಅಲ್ಲಿಗೆ ಪೆಟ್ಟಾದರೆ ಕಾಲು ಸೊಟ್ಟ ಬೆಳೆಯಬಹುದು. ಡಾಮರು ರಸ್ತೆಯಲ್ಲಿ ಒಂದೇ ವೇಗದಲ್ಲಿ, ನಿಲ್ಲಲು ಬಿಡದೆ ಓಡಿಸುವುದು ಅಂದರೆ ಅದೇ ಜಾಗಕ್ಕೆ ಮತ್ತೆ ಮತ್ತೆ ಕುಟ್ಟಿದ ಲೆಕ್ಕ. ಕಟ್ಟಿದ ಮರಿ ನೋವಾದರೂ ಓಡುತ್ತದೆ. ಬೇರೆ ದಾರಿ ಎಲ್ಲಿದೆ ಅದಕ್ಕೆ?

ನಾನು ಹೈಸ್ಕೂಲಿನಲ್ಲಿ ಪಿಟಿ ಮಾಸ್ಟರ್ ಆಗಿದ್ದವನು. ಸಣ್ಣ ಮಕ್ಕಳು ಮೈದಾನದಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೆ ಕುಣಿದರೂ ನನಗೆ ಚಿಂತೆ ಇರಲಿಲ್ಲ. ಅದೇ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಐದು ಕಿಲೋಮೀಟರ್ ಓಡಿ ಅಂದಿದ್ದರೆ ಮರುದಿನ ಹೆತ್ತವರು ಹೆಡ್‌ಮಾಸ್ಟ್ರ ಕೋಣೆಯಲ್ಲಿ ಇರುತ್ತಿದ್ದರು. ಮರಿಯದ್ದೂ ಇದೇ ಕಥೆ. ಎಷ್ಟು ನಿಮಿಷ ಅನ್ನುವುದಕ್ಕಿಂತ, ಯಾವಾಗ ನಿಲ್ಲಿಸಬೇಕು ಅಂತ ತೀರ್ಮಾನ ಮಾಡುವವರು ಯಾರು, ಅದನ್ನು ನೋಡಿ. ಮರಿ ತಾನೇ ಓಡಿ, ತಾನೇ ನಿಂತು, ಮೂಸಿ, ಬಿದ್ದುಕೊಂಡು, ಮತ್ತೆ ಎದ್ದು ಓಡಿದರೆ ಅರ್ಧ ಗಂಟೆಯಾದರೂ ಹೆದರಿಕೆ ಇಲ್ಲ. ನೀವು ಬೆಲ್ಟ್ ಹಿಡಿದು ನಿಮ್ಮ ವೇಗಕ್ಕೆ ನಡೆಸುವುದಾದರೆ ಆ 25 ನಿಮಿಷವೇ ಸಾಕು.

ಐದು ನಿಮಿಷದ ಲೆಕ್ಕ ಇರುವುದು ಹಾಗೆ ಬೆಲ್ಟ್ ಹಾಕಿ ನಡೆಸುವುದಕ್ಕೆ ಮಾತ್ರ. ಆಟಕ್ಕೆ ಅಲ್ಲ. ಜಾಗ್ರತೆಗೆ ಮಾಡಿಕೊಂಡ ಒಂದು ಅಂದಾಜು, ಅಷ್ಟೇ. ನಾರ್ವೆಯಲ್ಲಿ ನಾಲ್ಕು ದೊಡ್ಡ ಜಾತಿಯ ಮರಿಗಳನ್ನು ಹುಟ್ಟಿದಂದಿನಿಂದ ಗಮನಿಸಿ 2012ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಲ್ಯಾಬ್ರಡಾರ್ ಅದರಲ್ಲಿ ಇತ್ತು, ನಮ್ಮ ಮುಧೋಳ ಇರಲಿಲ್ಲ. ಮೊದಲ ಮೂರು ತಿಂಗಳು ದಿನಾ ಮೆಟ್ಟಿಲು ಹತ್ತಿಳಿದ ಮರಿಗಳಲ್ಲಿ ಸೊಂಟದ ಕೀಲಿನ ತೊಂದರೆ ಜಾಸ್ತಿ ಕಂಡಿತು. ಏರುತಗ್ಗಿನ ಮೆತ್ತನೆ ನೆಲದಲ್ಲಿ ಬೆಲ್ಟ್ ಇಲ್ಲದೆ ಓಡಾಡಿದವಕ್ಕೆ ಕಡಿಮೆ. ಅಂದರೆ ಓಟ ಕೆಟ್ಟದ್ದಲ್ಲ. ನೆಲ ಯಾವುದು, ಓಡಿಸುವವರು ಯಾರು ಅನ್ನುವುದೇ ವಿಷಯ. ನಿಮಗೆ ಲಿಫ್ಟ್ ಉಂಟಲ್ಲ, ಅದು ಒಳ್ಳೆಯದಾಯಿತು.

ಈಗ ಮುಧೋಳ. ಲ್ಯಾಬ್‌ನವರು ಬೇಜಾರು ಮಾಡಿಕೊಳ್ಳಬೇಡಿ, ಇದು ಬೇರೆಯೇ ಪ್ರಾಣಿ. ಕಣ್ಣಿನಲ್ಲಿ ಬೇಟೆ ಹಿಡಿಯುವ ನಾಯಿ. ಬಾಣ ಬಿಟ್ಟ ಹಾಗೆ ಸ್ವಲ್ಪ ದೂರ ಓಡಬೇಕು, ಆಮೇಲೆ ಬಿದ್ದುಕೊಂಡಿರಬೇಕು. ನಮ್ಮ ಕರಿಯನಿಗೆ ಈಗ ನಾಲ್ಕು ವರ್ಷ. ಬೆಳಿಗ್ಗೆ ಆರಕ್ಕೆ ತೆಂಗಿನ ತೋಟದಲ್ಲಿ ಬಿಟ್ಟರೆ ಒಂದಷ್ಟು ಸುತ್ತು ಹಾರಿ, ಹಲಸಿನ ಬುಡಕ್ಕೆ ಹೋಗಿ ಮಲಗಿದರೆ ಮುಗಿಯಿತು. ಇಡೀ ದಿನ ಜಗಲಿಯಲ್ಲಿ ಜಮೀನ್ದಾರರ ಗತ್ತು. ನಿಮ್ಮವಳಿಗೂ ಬೇಕಾದದ್ದು ಆ ಹಾರುವ ಓಟ. ಬೆಲ್ಟ್ ಹಿಡಿದು ಬಿಜೈ ಚರ್ಚ್‌ವರೆಗೆ ಹೋಗಿ ಬಂದರೆ ಅದು ಸಿಗುವುದಿಲ್ಲ. ಹಾಗಂತ ಬಯಲಲ್ಲಿ ಬಿಟ್ಟರೆ ಒಂದು ನವಿಲು ಕಂಡರೆ ಸಾಕು, ನೀವು ಕರೆದದ್ದು ಅದರ ಕಿವಿಗೆ ಬೀಳುವುದೇ ಇಲ್ಲ. ಸುತ್ತ ಗೋಡೆ ಇರುವ ಜಾಗವೇ ಬೇಕು. ಪರಿಚಯದವರ ಕಂಪೌಂಡ್, ರಜೆಯಲ್ಲಿ ಶಾಲೆಯ ಮೈದಾನ, ಖಾಲಿ ಸೈಟ್. ಯಾರನ್ನಾದರೂ ಕೇಳಿ, ವಾರಕ್ಕೆ ಮೂರ್ನಾಲ್ಕು ಸಲ ಸಿಕ್ಕಿದರೂ ಸಾಕು. ಮುಳ್ಳುತಂತಿ ಬೇಲಿ ಇದ್ದಲ್ಲಿ ಮಾತ್ರ ಬೇಡ. ಇವುಗಳ ಚರ್ಮ ತೀರಾ ತೆಳು, ತಾಗಿದರೆ ಸೀಳಿಕೊಂಡೇ ಹೋಗುತ್ತದೆ. ಇನ್ನೊಂದು, ಮುಧೋಳದ ತಲೆಗೂ ಕುತ್ತಿಗೆಗೂ ಅಗಲದಲ್ಲಿ ಹೆಚ್ಚು ವ್ಯತ್ಯಾಸ ಇಲ್ಲ. ಮಾಮೂಲಿ ಕಾಲರ್‌ನಿಂದ ಹಿಂದೆ ಎಳೆದುಕೊಂಡು ಸಲೀಸಾಗಿ ಕಳಚಿಕೊಳ್ಳುತ್ತವೆ. ಎಳೆದಾಗ ಸ್ವಲ್ಪ ಬಿಗಿಯಾಗುವ ಅಗಲದ ಮಾರ್ಟಿಂಗೇಲ್ ಕಾಲರ್ ಹಾಕಿ, ಇಲ್ಲ ಎದೆಗೆ ಹಾಕುವ ಹಾರ್ನೆಸ್. ಉದ್ದದ ಹಗ್ಗ ಕಟ್ಟಿ ಬಿಡುವುದಾದರೆ ಹಾರ್ನೆಸ್‌ಗೇ ಕಟ್ಟಬೇಕು. ಕುತ್ತಿಗೆಗೆ ಕಟ್ಟಿ ಅದು ಪೂರ್ತಿ ವೇಗದಲ್ಲಿ ಹೋಗಿ ಹಗ್ಗ ಮುಗಿದರೆ ಏನಾಗುತ್ತದೆ ಅಂತ ಯೋಚಿಸಿ.

ಬೀಚ್ ನಾನೂ ಬೇಡ ಅನ್ನುವುದಿಲ್ಲ. ಆದರೆ ಒಂದು ಗಂಟೆ ಬಾಲ್ ಹೆಚ್ಚಾಯಿತು. ಬಾಲ್ ಹಿಂದೆ ಓಡುವ ಮರಿ ಗಕ್ಕನೆ ನಿಂತು ಗಿರಕ್ಕನೆ ತಿರುಗುತ್ತದೆ, ಸಡಿಲ ಮರಳಿನಲ್ಲಿ ಕೀಲಿಗೆ ಅದು ಜಾಸ್ತಿ ಭಾರ. ತಣ್ಣೀರುಬಾವಿಯೋ ಸಸಿಹಿತ್ಲುವೋ, ಬೆಳಕು ಹರಿಯುವಾಗ ಹೋಗಿ ಅಲೆ ಬಂದು ಹೋದ ಗಟ್ಟಿ ಮರಳಿನಲ್ಲೇ ನಡೆಸಿ. ಕುಡಿಯುವ ನೀರು ನೀವೇ ಒಯ್ಯಿರಿ, ಉಪ್ಪುನೀರು ಕುಡಿದರೆ ವಾಂತಿ ಭೇದಿ ಗ್ಯಾರಂಟಿ. ದಡದಲ್ಲಿ ಬಲೆಯಿಂದ ಬಿಸಾಡಿದ ಮೀನು, ಗಾಳದ ಕೊಕ್ಕೆ ಇರುತ್ತವೆ. ಚೆಂಡಿನ ಹಾಗೆ ಉಬ್ಬುವ ಮೀನು ಉಂಟಲ್ಲ, ಅದು ವಿಷ. ಬಾಯಿಗೆ ಹಾಕಲು ಬಿಡಬೇಡಿ. ಪಡುಬಿದ್ರಿಯ ಬ್ಲೂ ಫ್ಲ್ಯಾಗ್ ಬೀಚಿಗೆ ನಾಯಿ ಕರೆದುಕೊಂಡು ಹೋಗುವ ಯೋಚನೆ ಬಿಡಿ, ಅಲ್ಲಿ ಸಾಕುಪ್ರಾಣಿಗಳ ವಿಷಯದಲ್ಲಿ ಕಟ್ಟುನಿಟ್ಟು.

ಸಂಜೆ ಏಳರ ಹುಚ್ಚು. ಇದಕ್ಕೇ ನಾನು ಬರೆಯಲು ಕೂತದ್ದು. ಅದು ವ್ಯಾಯಾಮ ಕಡಿಮೆಯಾಗಿ ಅಲ್ಲ, ನಿದ್ದೆ ಕಡಿಮೆಯಾಗಿ ಅಂತ ನನ್ನ ಅಂದಾಜು. ಮರಿಗಳಿಗೆ ದಿನಕ್ಕೆ ಹದಿನೆಂಟು ಗಂಟೆಯಷ್ಟು ನಿದ್ದೆ ಬೇಕು. ಫ್ಲ್ಯಾಟ್‌ನಲ್ಲಿ ಕಾಲಿಂಗ್ ಬೆಲ್, ಟಿವಿ, ಕುಕ್ಕರ್ ಸೀಟಿ, ಪ್ರತಿಯೊಂದಕ್ಕೂ ಏಳುತ್ತದೆ. ಸಂಜೆಯಾಗುವಾಗ ನಿದ್ದೆಗೆಟ್ಟ ಕೂಸಿನ ಹಠ. ಆಗ ನೀವು ಇನ್ನೊಂದು ವಾಕಿಂಗ್ ಮಾಡಿಸಿದರೆ ಇನ್ನೂ ಕಚ್ಚುತ್ತದೆ. ಮಧ್ಯಾಹ್ನ ಊಟ ಆದ ಮೇಲೆ ಒಳಕೋಣೆಯಲ್ಲಿ ಪರದೆ ಎಳೆದು, ಫ್ಯಾನ್ ಹಾಕಿ, ಬಾಗಿಲು ಮುಚ್ಚಿ ಮಲಗಿಸಿ. ಏಳಕ್ಕೆ ಶುರುವಾದರೆ ಪುನಃ ಅದೇ ಕೋಣೆ, ಬಾಯಿಗೆ ಅಗಿಯಲು ಏನಾದರೂ. ಫ್ರಿಜ್‌ನಲ್ಲಿಟ್ಟ ಇಡೀ ಕ್ಯಾರೆಟ್ ಆಗುತ್ತದೆ, ನೀವು ಪಕ್ಕದಲ್ಲೇ ಇರಿ. ಹದಿನೈದು ದಿನ ಮಾಡಿ ನೋಡಿ.

ಟೈಲ್ಸ್ ಮೇಲೆ ಅವಳು ಓಡುವ ದಾರಿಗೆ ಹಳೆ ಯೋಗ ಮ್ಯಾಟೋ, ಅಡಿಯಲ್ಲಿ ರಬ್ಬರ್ ಇರುವ ಮ್ಯಾಟೋ ಹಾಸಿ. ವಾಕಿಂಗ್‌ನಲ್ಲಿ ಆಗುವುದಕ್ಕಿಂತ ಜಾಸ್ತಿ ಪೆಟ್ಟು ಕಾಲಿಗೆ ಆಗುವುದು ಆ ಜಾರುವ ನೆಲದಿಂದ. ಆಂಟಿಯ ಫೋನೂ ಕಡಿಮೆಯಾಗುತ್ತದೆ.

ಬೊಳ್ಳಿಯ ಅಮ್ಮ, ಬಿಜೈ

ಮಾಸ್ಟ್ರೇ, ತುಂಬಾ ಥ್ಯಾಂಕ್ಸ್. ನಿದ್ದೆಯ ವಿಷಯ ನನ್ನ ತಲೆಗೇ ಹೋಗಿರಲಿಲ್ಲ. ಅತ್ತೆ ಇಡೀ ಮಧ್ಯಾಹ್ನ ಸೀರಿಯಲ್ ಹಾಕುತ್ತಾರೆ, ಬೊಳ್ಳಿ ಅವರ ಕಾಲಬುಡದಲ್ಲಿ. ಕೋಣೆ ಬದಲಿಸಬೇಕು, ಬೊಳ್ಳಿಗೆ. ಅತ್ತೆಗೆ ಹೇಳುವ ಧೈರ್ಯ ಇಲ್ಲ.

ಇನ್ನೆರಡು ಪ್ರಶ್ನೆ. ಪಕ್ಕೆಲುಬು ಕಾಣುವುದು ಸರಿಯಾ? ಮತ್ತೆ ಜೂನ್‌ನಲ್ಲಿ ಮಳೆ ಹಿಡಿದರೆ ಇವಳನ್ನು ಎಲ್ಲಿ ಓಡಿಸುವುದು?

ಕಾಪು ಪಶುವೈದ್ಯೆ

ಮುಧೋಳದಂಥ ನಾಯಿಗಳಲ್ಲಿ ಕೊನೆಯ ಎರಡು ಮೂರು ಪಕ್ಕೆಲುಬು ಕಂಡರೆ ಸಹಜ. ಎಲ್ಲವೂ ಕಂಡು, ಬೆನ್ನುಮೂಳೆಯೂ ಎದ್ದು ನಿಂತರೆ ತೂಕ ಕಡಿಮೆ ಅಂತ. ಜಂತುಹುಳದ ಔಷಧಿ ಸರಿಯಾಗಿ ಆಗಿದೆಯಾ ನೋಡಿಕೊಳ್ಳಿ. ಬೇಗ ದಪ್ಪ ಮಾಡಲು ಕ್ಯಾಲ್ಸಿಯಂ ಟಾನಿಕ್ ಸುಮ್ನೆ ಹಾಕಬೇಡಿ. ಬೆಳೆಯುವ ಮರಿಗೆ ಅದು ಹೆಚ್ಚಾದರೂ ಎಲುಬಿಗೆ ತೊಂದರೆಯೇ.

ಸೆಖೆಯ ಬಗ್ಗೆ ಒಂದು ಮಾತು. ನಾಯಿ ಮೈ ತಂಪು ಮಾಡಿಕೊಳ್ಳುವುದು ಮುಖ್ಯವಾಗಿ ತೇಕುತ್ತಾ, ನಾಲಿಗೆಯ ಪಸೆ ಆರಿಸಿ. ನಮ್ಮ ಕರಾವಳಿಯ ಗಾಳಿಯಲ್ಲೇ ಪಸೆ ತುಂಬಿರುವಾಗ ಅದು ಆರುವುದಿಲ್ಲ. ಹಾಗಾಗಿ ಬಾಗಲಕೋಟೆಯ ಒಣ ಬಿಸಿಲು ತಾಳುವ ನಾಯಿಯೂ ಇಲ್ಲಿ ಮೋಡದ ದಿನವೇ ಸೋಲಬಹುದು. ಏಪ್ರಿಲ್, ಮೇನಲ್ಲಿ ಬೆಳಿಗ್ಗೆ ಏಳರ ಒಳಗೆ ಮುಗಿಸಿ. ಸಂಜೆ ಹೊರಡುವ ಮೊದಲು ಅಂಗೈ ಹಿಂಭಾಗ ರಸ್ತೆಗೆ ಒತ್ತಿ ಹಿಡಿಯಿರಿ. ಏಳು ಸೆಕೆಂಡ್ ಇಡಲು ಆಗದಿದ್ದರೆ ಅವಳ ಪಾದಕ್ಕೂ ಆಗುವುದಿಲ್ಲ. ನಾಲಿಗೆ ಅಗಲವಾಗಿ ಹೊರಗೆ ಬಿದ್ದು, ವಸಡು ಕೆಂಪಾಗಿ, ನಡಿಗೆ ತೂರಾಡಿದರೆ ಅಲ್ಲೇ ನಿಲ್ಲಿಸಿ. ಮೈಗೆಲ್ಲ ನೀರು ಸುರಿದು, ಗಾಳಿ ಬೀಸುತ್ತಾ ಡಾಕ್ಟರ ಹತ್ತಿರ ಹೊರಡಿ.

ಆಟದ ಮರುದಿನ ಕುಂಟಿದರೆ ಅಥವಾ ಮಲಗಿದಲ್ಲಿಂದ ಏಳಲು ಕಷ್ಟಪಟ್ಟರೆ ಹಿಂದಿನ ದಿನ ಹೆಚ್ಚಾಗಿದೆ ಅಂತ ಲೆಕ್ಕ. ಒಂದು ದಿನ ರಜೆ ಕೊಡಿ. ಮತ್ತೂ ಕುಂಟಿದರೆ ತೋರಿಸಿ.

ಮಳೆಗಾಲಕ್ಕೆ ಮೊದಲು ಇಲಿಜ್ವರದ ಲಸಿಕೆಯೂ ಸೇರಿತ್ತಾ ಅಂತ ಕಾರ್ಡ್ ನೋಡಿ. ಇಲಿಯ ಮೂತ್ರ ಸೇರಿದ ನಿಂತ ನೀರಿನಿಂದಲೇ ಅದು ಬರುವುದು. ತೋಡಿಗೆ, ಹೊಂಡಕ್ಕೆ ಬಾಯಿ ಹಾಕಲು ಬಿಡಬೇಡಿ. ಮಳೆಗೆ ಕಪ್ಪೆ ಹೊರಗೆ ಬರುತ್ತವೆ. ನೆಲಗಪ್ಪೆ ಕಚ್ಚಿದ ಮರಿ ಜೊಲ್ಲು ಸುರಿಸುತ್ತಾ ಬಂದರೆ ಬಾಯಿಯನ್ನು ನೀರಿನಲ್ಲಿ ಒರೆಸಿ ತೊಳೆದು ಕೂಡಲೇ ಫೋನ್ ಮಾಡಿ. ಉಣ್ಣಿಗೆ ಔಷಧಿ ತಪ್ಪಿಸಬೇಡಿ.

ಸುರತ್ಕಲ್ ಲ್ಯಾಬ್ರಡಾರ್

ಮಾಸ್ಟ್ರೇ, ನಮ್ಮದಕ್ಕೆ ಏನೂ ಆಗಲಿಲ್ಲ ಮಾರಾಯ್ರೆ! ಈಗ ಆರು ವರ್ಷ.

ಕಟಪಾಡಿ ಪಿಟಿ ಮಾಸ್ಟ್ರು

ಸಂತೋಷ. ಹೆಲ್ಮೆಟ್ ಇಲ್ಲದೆ ಮಣಿಪಾಲಕ್ಕೆ ಹೋಗಿ ಬಂದವರೂ ಎಷ್ಟೋ ಜನ ಇದ್ದಾರೆ.

ತಂಗೀ, ಮಳೆಯಲ್ಲಿ ಕಾಲಿಗಿಂತ ಮೂಗಿಗೆ ಕೆಲಸ ಕೊಡಿ. ಮೂರು ತೆಂಗಿನ ಗೆರಟೆ ಮಗುಚಿ ಇಡಿ. ಒಂದರ ಅಡಿಯಲ್ಲಿ ಬೇಯಿಸಿ ಮುಳ್ಳು ಬಿಡಿಸಿದ ಬೂತಾಯಿ ಮೀನಿನ ತುಂಡು. ಹುಡುಕಲಿ. ಮೊದಲ ದಿನ ಮೂರನ್ನೂ ಉರುಳಿಸುತ್ತಾಳೆ, ಆಮೇಲೆ ಮೂಸಿಯೇ ಹೇಳುತ್ತಾಳೆ. ಆಟ ಮುಗಿದ ಕೂಡಲೇ ಗೆರಟೆ ಎತ್ತಿಡಿ, ಅಗಿದರೆ ಚೂರು ಹೊಟ್ಟೆಗೆ ಹೋಗುತ್ತದೆ. ಊಟದ ಒಂದು ಪಾಲನ್ನು ಹಳೆ ಟವಲಿನಲ್ಲಿ ಸುತ್ತಿ ಗಂಟು ಹಾಕಿ ಕೊಡಿ. 'ಕೂತ್ಕೋ', 'ಬಾ', 'ಬಿಡು' ಕಲಿಸಲು ಮಳೆಗಾಲಕ್ಕಿಂತ ಒಳ್ಳೆಯ ಸಮಯ ಇಲ್ಲ. ಒಂದು ಸಲಕ್ಕೆ ಐದು ನಿಮಿಷ ಸಾಕು. ಬುದ್ಧಿ ಓಡಿಸಿದ ನಾಯಿಗೂ ಸುಸ್ತಾಗುತ್ತದೆ. ಮಳೆ ಬಿಟ್ಟ ಗ್ಯಾಪ್‌ನಲ್ಲಿ ಹತ್ತು ನಿಮಿಷ ಹೊರಗೆ ಮೂಸಿಸಿಕೊಂಡು ಬಂದು, ಬೆರಳುಗಳ ಸಂದು ಒಣಗಿಸಿ. ಇಲ್ಲದಿದ್ದರೆ ನಮ್ಮ ಕಾಲಿನ ಹಾಗೇ ಅಲ್ಲೂ ಹುಣ್ಣಾಗುತ್ತದೆ.

ಅತ್ತೆಗೆ ಒಂದು ಕೆಲಸ ವಹಿಸಿಬಿಡಿ. ಗೆರಟೆ ಆಟದ ಜವಾಬ್ದಾರಿ ಅವರದ್ದು. ಮೀನು ಕೊಡುವವರು ಅವರೇ ಆದರೆ ಪಕ್ಕೆಲುಬಿನ ಮಾತು ಬರುವುದಿಲ್ಲ.

ಮಳೆ ಶುರುವಾಗುವ ಮೊದಲು ಒಂದು ಭಾನುವಾರ ಬೆಳಿಗ್ಗೆ ಬೇಗ ಹೊರಟು ನಮ್ಮ ತೋಟಕ್ಕೆ ಕರೆದುಕೊಂಡು ಬನ್ನಿ. ಸುತ್ತ ಮುರಕಲ್ಲಿನ ಗೋಡೆ ಉಂಟು. ಬಿದ್ದ ಮಾವಿನ ಗೊರಟು ಎಲ್ಲ ಹೆಕ್ಕಿಸಿಡುತ್ತೇನೆ, ಮರಿಗಳು ನುಂಗಿದರೆ ಕರುಳಿಗೆ ಸಿಕ್ಕಿಕೊಳ್ಳುತ್ತದೆ. ಹೊರಡುವಾಗ ಒಂದು ಮೆಸೇಜ್ ಹಾಕಿ. ಹೆಂಡತಿಯ ಕೋಳಿಗಳನ್ನು ಗೂಡಿಗೆ ಹಾಕಲು ಅರ್ಧ ಗಂಟೆ ಬೇಕು.